ಬೀಳು ಬಿಟ್ಟ ವರ್ಷ

ನಮ್ಮ ಶಾಲೆಗೆ ನೂರಕ್ಕೆ ನೂರು ಫಲಿತಾಂಶ ಬಂದ ವರ್ಷ ನಾನು ಪರೀಕ್ಷೆ ಬರೆಯಲಿಲ್ಲ. ಸರಿಯಾಗಿ ಹೇಳಬೇಕೆಂದರೆ, ನಾನೂ ನನ್ನ ಬೆಂಚಿನವರೂ ಬರೆಯಲಿಲ್ಲ ಎಂಬ ಕಾರಣಕ್ಕೇ ನೂರಕ್ಕೆ ನೂರು ಬಂತು. ಊರ ಅಗಸಿ ಬಾಗಿಲಿಗೆ ಕಟ್ಟಿದ ಫ್ಲೆಕ್ಸಿನಲ್ಲಿ ಈ ಮಾತು ಇರಲಿಲ್ಲ. ಹಾಗಾಗಿ ನಾನೇ ಹೇಳಬೇಕಾಗಿದೆ.

ನನ್ನ ಹೆಸರು ಸವಿತಾ. ಅಪ್ಪ ಪಕೀರಪ್ಪ, ಕೂಲಿ ಮಾಡುತ್ತಾನೆ. ಅವ್ವ ಆದೆಮ್ಮ, ಆಗ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಿದ್ದಳು. ನಮ್ಮೂರು ದೇವದುರ್ಗದ ಸೀಮೆಯಲ್ಲಿ, ಅರಕೇರಾದಿಂದ ಇನ್ನೂ ಒಳಗೆ. ಬೆಳಿಗ್ಗೆ ಹಳದಿ ವ್ಯಾನುಗಳು ಬಂದು ಟೈ ಕಟ್ಟಿದ ಮಕ್ಕಳನ್ನು ದೇವದುರ್ಗದ ಇಂಗ್ಲಿಷ್ ಶಾಲೆಗಳಿಗೆ ಒಯ್ಯುತ್ತವೆ. ಇನ್ನೂ ದೊಡ್ಡವರ ಮಕ್ಕಳು ರಾಯಚೂರಿನ ಹಾಸ್ಟೆಲುಗಳಲ್ಲೇ ಇರುತ್ತಾರೆ. ವ್ಯಾನಿನ ಧೂಳು ಇಳಿದ ಮೇಲೆ ಉಳಿದವರು ಸರ್ಕಾರಿ ಹೈಸ್ಕೂಲಿಗೆ ಹೋಗುತ್ತಾರೆ. ನಾಯಕರ ಓಣಿ, ಮಾದಿಗರ ಕೇರಿ, ಸಾಬರ ಓಣಿ. ನಿಮ್ಮ ಶಾಲೆಯಲ್ಲಿ ಯಾರು ಓದುತ್ತಾರೆ ಎಂದು ಯಾರಾದರೂ ಕೇಳಿದರೆ ನನ್ನ ಉತ್ತರ ಇಷ್ಟೇ: ವ್ಯಾನು ಹತ್ತದವರು.

ಶಾಲೆಯ ಸಮಿತಿಗೆ ಅಧ್ಯಕ್ಷರು ದೊಡ್ಡಪ್ಪ ಸಾವಕಾರ. ಮಾನ್ವಿ ರಸ್ತೆಯಲ್ಲಿ ಅವರದು ಅಕ್ಕಿ ಗಿರಣಿ, ಊರ ಸುತ್ತ ಹತ್ತಿ ಬೀಜದ ಹೊಲ. ಅವರ ಮೊಮ್ಮಗಳು ಸ್ವಪ್ನಾ ಓದುವುದು ರಾಯಚೂರಿನಲ್ಲಿ. ಮನೆಯ ಒಂದು ಮಗುವನ್ನೂ ನಮ್ಮ ಶಾಲೆಗೆ ಕಳಿಸದವರು ನಮ್ಮ ಶಾಲೆಗೆ ಹೇಗೆ ಅಧ್ಯಕ್ಷರಾದರು ಎಂದು ಕೇಳಿದವರಿಲ್ಲ. ಆಗಸ್ಟ್ ಹದಿನೈದಕ್ಕೆ ಬಂದು ನಮಗೆ ಪೆಪ್ಪರಮೆಂಟು ಹಂಚಿ ಹೋಗುತ್ತಿದ್ದರು.

ಮುಖ್ಯ ಗುರುಗಳು ಬಸವಲಿಂಗ ಸರ್. ರಾಯಚೂರಿನಿಂದ ಬಸ್ಸಿಗೆ ಬರುತ್ತಿದ್ದರು, ನಮಗೆ ಗಣಿತ ಕಲಿಸುತ್ತಿದ್ದರು. ಕೆಟ್ಟ ಮನುಷ್ಯ ಅಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಕೆಟ್ಟವರಾಗಿದ್ದರೆ ನಾಲ್ಕು ಬೈದು ಸುಮ್ಮನಾಗಬಹುದಿತ್ತು. ನಾನು ಒಂಬತ್ತರಲ್ಲಿದ್ದಾಗ ಶಾಲೆಯ ಫಲಿತಾಂಶ ನೆಲ ಕಚ್ಚಿತು. ರಾಯಚೂರಿನ ಮೀಟಿಂಗಿನಲ್ಲಿ ಶಿಕ್ಷಣ ಇಲಾಖೆಯ ದೊಡ್ಡ ಸಾಹೇಬರು ಸರ್ ಅವರನ್ನು ಎಲ್ಲರೆದುರು ಎಬ್ಬಿಸಿ ನಿಲ್ಲಿಸಿದರಂತೆ. ಮೀಟಿಂಗು ಮುಗಿಯುವವರೆಗೂ ಕೂರು ಎನ್ನಲಿಲ್ಲವಂತೆ. ನಾವು ಹತ್ತಕ್ಕೆ ಬಂದ ಮೇಲೆ ಇದನ್ನು ಅವರೇ ಕ್ಲಾಸಿನಲ್ಲಿ ಹೇಳಿದರು. ಹೇಳುವಾಗ ಕೈಯಲ್ಲಿದ್ದ ಸೀಮೆಸುಣ್ಣ ಪುಡಿಯಾಗಿ ಅಂಗಿಯ ಮೇಲೆ ಬಿತ್ತು.

"ನನ್ನ ವಯಸ್ಸಿನ್ಯಾಗ, ಹುಡುಗರನ್ನ ನಿಂದ್ರಿಸಿದಂಗ ನಿಂದ್ರಿಸಿದ್ರು," ಎಂದರು. ನನಗೆ ಅಯ್ಯೋ ಅನ್ನಿಸಿತು. ನಿಂತ ಕಾಲಿನ ನೋವು ನಮಗೆ ಗೊತ್ತಿತ್ತು.

ಮರುದಿನವೇ ಅವರು ಹತ್ತನೇ ತರಗತಿಯ ಬೆಂಚುಗಳನ್ನು ಹಂಚಿದರು. ಮುಂದಿನ ಸಾಲು ಪಾಸಾಗುವವರಿಗೆ. ನಡುವಿನ ಸಾಲು ನೂಕಿದರೆ ಪಾಸಾಗುವವರಿಗೆ. ಹಿಂದಿನ ಬೆಂಚಿಗೆ ಬಂದಾಗ ಸರ್ ಸ್ವಲ್ಪ ತಡೆದು, "ಇವರನ್ನ ಆಮ್ಯಾಲೆ ನೋಡೋಣು," ಎಂದರು. ಅವತ್ತಿನಿಂದ ಅದಕ್ಕೆ ನೋಡೋಣು ಬೆಂಚು ಎಂದೇ ಹೆಸರು ಬಿತ್ತು. ಹೆಸರಿಟ್ಟವನು ಉಮೇಶ. ಅವನೂ ಅದೇ ಬೆಂಚಿನವನು. ನಾನು, ತಹಮೀನಾ, ಉಮೇಶ, ಇನ್ನೂ ಒಂದಿಬ್ಬರು.

ಸಂಜೆ ಮುಂದಿನವರಿಗೆ ವಿಶೇಷ ತರಗತಿ. ನಮಗೆ ಕೆಲಸ. ನೀರು ತುಂಬುವುದು, ಅಂಗಳ ಗುಡಿಸುವುದು, ಅವ್ವನ ಜೊತೆ ಮರುದಿನದ ತರಕಾರಿ ಹೆಚ್ಚುವುದು, ಶೌಚಾಲಯ ತೊಳೆಯುವುದು. ಆ ಕೆಲಸದಲ್ಲೂ ಮೇಲು ಕೀಳು ಇತ್ತು. ಸರ್ ಬಾಯಿ ಬಿಟ್ಟು ಹೇಳುತ್ತಿರಲಿಲ್ಲ, ಬೆರಳು ಮಾಡಿ ತೋರಿಸುತ್ತಿದ್ದರು. ಯಾರು ಯಾವ ಕೇರಿಯವರು ಎಂದು ಆ ಬೆರಳಿಗೆ ಗೊತ್ತಿತ್ತು. ಉಮೇಶ ಮಾದಿಗರ ಕೇರಿಯವನು. ವರ್ಷವಿಡೀ ಶೌಚಾಲಯ ಅವನಿಗೇ ಬಂತು. ತಹಮೀನಾಳನ್ನು ಅಡುಗೆ ಕೋಣೆಗೆ ಯಾವತ್ತೂ ಕಳಿಸಲಿಲ್ಲ.

ಉಮೇಶ ಜಾಣನೇನಲ್ಲ. ಪಾಠ ಓದು ಎಂದರೆ ತಡವರಿಸುತ್ತಿದ್ದ. ಆದರೆ ಪರೀಕ್ಷೆ ಬರೆಯುವ ಆಸೆ ನಮ್ಮೆಲ್ಲರಿಗಿಂತ ಅವನಿಗೇ ಹೆಚ್ಚು. ಅವನ ಮನೆಯಲ್ಲಿ ಪರೀಕ್ಷೆಯ ಬಾಗಿಲು ಕಂಡವರು ಯಾರೂ ಇರಲಿಲ್ಲ. ಹಾಲ್ ಟಿಕೆಟಿನಲ್ಲಿ ಫೋಟೋ ಬರುತ್ತದೆ ಎಂದು ಕೇಳಿ, ದೀಪಾವಳಿ ಆದ ಕೂಡಲೇ ಅಣ್ಣನ ಅಂಗಿ ಹಾಕಿಕೊಂಡು ದೇವದುರ್ಗಕ್ಕೆ ಹೋಗಿ ಫೋಟೋ ತೆಗೆಸಿಕೊಂಡು ಬಂದ. ಫೋಟೋದಲ್ಲಿ ಅಂಗಿಯ ಕಾಲರು ಅವನ ಕಿವಿಯವರೆಗೆ ಬಂದಿತ್ತು. ನಾವೆಲ್ಲ ನಕ್ಕೆವು. ಅವನೂ ನಕ್ಕ, ಫೋಟೋ ಮಾತ್ರ ಒರೆಸಿ ಒಳಗಿಟ್ಟುಕೊಂಡ.

ನಾವು ಹಿಂದಿನ ಬೆಂಚಿಗೆ ಹೇಗೆ ಬಂದೆವು ಎಂಬುದನ್ನೂ ಹೇಳಬೇಕು. ಹುಟ್ಟುತ್ತಲೇ ದಡ್ಡರಾಗಿ ಬರಲಿಲ್ಲ.

ಮಳೆಗಾಲ ಇಳಿಯುವ ಹೊತ್ತಿಗೆ ಹತ್ತಿ ಬೀಜದ ಹೊಲಗಳಲ್ಲಿ ಕ್ರಾಸಿಂಗ್ ಕೆಲಸ ಶುರುವಾಗುತ್ತದೆ. ಸಂಜೆ ಹೆಣ್ಣು ಸಾಲಿನ ಮೊಗ್ಗು ಹಿಡಿದು, ಹೆಬ್ಬೆರಳಿನ ಉಗುರಿನಿಂದ ಸಿಪ್ಪೆ ಸೀಳಿ, ಒಳಗಿನ ಗಂಡು ಪುಡಿಯನ್ನೆಲ್ಲ ಕಿತ್ತು ತೆಗೆಯಬೇಕು. ನಡುವಿನ ಎಳೆ ಕಡ್ಡಿ ಮುರಿಯಬಾರದು. ಗುರುತಿಗೆ ಕೆಂಪು ಚೀಟಿ ಸಿಕ್ಕಿಸಬೇಕು. ಬೆಳಿಗ್ಗೆ ಗಂಡು ಸಾಲಿನ ಹೂ ತಂದು ಅದೇ ಮೊಗ್ಗಿಗೆ ಒರೆಸಬೇಕು. ಬಿಸಿಲು ನೆತ್ತಿಗೆ ಬರುವುದರೊಳಗೆ ಮುಗಿಸಬೇಕು, ಆಮೇಲೆ ಒರೆಸಿದರೆ ಕಾಯಿ ಕಟ್ಟುವುದಿಲ್ಲ. ಇದಕ್ಕೆ ಸಣ್ಣ ಬೆರಳು ಬೇಕು, ಬಗ್ಗದೆ ಗಿಡದೊಳಗೆ ನಿಲ್ಲುವ ಆಳು ಬೇಕು. ಅಂದರೆ ನಾವು ಬೇಕು.

ಹೆಬ್ಬೆರಳಿನ ಉಗುರು ಮೊದಲು ಹಸಿರಾಗುತ್ತದೆ, ಆಮೇಲೆ ಕರ್ರಗಾಗುತ್ತದೆ, ಆಮೇಲೆ ಬುಡದಲ್ಲಿ ಸೀಳುತ್ತದೆ. ಸೀಳಿದ ಬೆರಳಿನಿಂದ ಪೆನ್ನು ಒತ್ತಿ ಹಿಡಿಯಲು ಆಗುವುದಿಲ್ಲ. ಕ್ರಾಸಿಂಗ್ ಮುಗಿಯುತ್ತಲೇ ಹತ್ತಿ ಬಿಡಿಸುವುದು ಬರುತ್ತದೆ, ಕಾಯಿಯ ಒಣ ತುದಿ ಬೆರಳ ಸಂದಿಯನ್ನು ಕೊಯ್ಯುತ್ತದೆ. ಶಾಲೆಯಲ್ಲಿ ಹಾಜರಿ ಕೂಗುವ ಹೊತ್ತಿಗೆ ನಾನು ಹತ್ತಿ ಸಾಲಿನಲ್ಲಿ ಇರುತ್ತಿದ್ದೆ. ಮಧ್ಯಾಹ್ನ ಓಡಿಬಂದರೆ ತರಗತಿಯ ಹೊರಗೆ ನಿಲ್ಲಬೇಕಿತ್ತು.

"ಬರ್ರಿ ಮಹಾರಾಣಿಯವರ. ಈಗ ಎದ್ರೇನು?" ಎಂದು ಸರ್ ಕೇಳುತ್ತಿದ್ದರು. ಮುಂದಿನ ಸಾಲು ನಗುತ್ತಿತ್ತು.

ನಾನು ಯಾರ ಹೊಲದಿಂದ ಬರುತ್ತಿದ್ದೆ? ದೊಡ್ಡಪ್ಪ ಸಾವಕಾರರ ಹೊಲದಿಂದ. ಶಾಲೆಯ ಅಧ್ಯಕ್ಷರ ಹೊಲದಲ್ಲಿ ದುಡಿದು ಶಾಲೆಗೆ ತಡವಾಗಿ ಬಂದದ್ದಕ್ಕೆ ಶಾಲೆಯ ಹೊರಗೆ ನಿಲ್ಲುತ್ತಿದ್ದೆ. ಇದು ಸರ್ ಅವರಿಗೂ ಗೊತ್ತಿತ್ತು. ಒಂದು ದಿನವೂ ಸಾವಕಾರರ ಮನೆಗೆ ಹೋಗಿ, ನಮ್ಮ ಮಕ್ಕಳನ್ನು ಬಿಡಿ ಎಂದು ಅವರು ಕೇಳಲಿಲ್ಲ. ನನಗೆ ಇವತ್ತಿಗೂ ಸಿಟ್ಟು ಬರುವುದು ಇದಕ್ಕೆ.

ಚಳಿಗಾಲದಲ್ಲಿ ಒಂದು ದಿನ ಅಪ್ಪನನ್ನು ಶಾಲೆಗೆ ಕರೆಸಿದರು. ಅಪ್ಪ ಚಪ್ಪಲಿಯನ್ನು ಹೊರಗೆ ಬಿಟ್ಟು ಆಫೀಸಿನ ಕೋಣೆಯ ಹೊಸ್ತಿಲಲ್ಲಿ ನಿಂತ. ಸರ್ ಕುರ್ಚಿ ತೋರಿಸಿದರು. ಅಪ್ಪ ಕೂರಲಿಲ್ಲ. ನಾನು ಬಾಗಿಲ ಪಕ್ಕದಲ್ಲಿ ಕೊಡ ಹಿಡಿದು ನಿಂತಿದ್ದೆ, ಎಲ್ಲ ಕೇಳಿಸುತ್ತಿತ್ತು.

"ಪಕೀರಪ್ಪ, ನೀ ಹೊಲ ಬಲ್ಲ ಮನಶ್ಯಾ. ಸೋತ ಹೊಲಕ್ಕ ಏನು ಮಾಡ್ತೀರಿ?"

"ಒಂದು ವರ್ಷ ಬೀಳು ಬಿಡ್ತೀವ್ರಿ."

"ಬಿಟ್ರ ಏನಾಗ್ತದ?"

"ಮುಂದಿನ ವರ್ಷ ಬೆಳಿ ಛಲೋ ಬರ್ತದ್ರಿ."

"ಹಂಗೇ ತಿಳ್ಕೋ. ನಿನ್ನ ಮಗಳ ಹಾಜರಿ ಬಾಳ ಕಮ್ಮಿ ಅದ, ಓದೂ ಅಷ್ಟಕ್ಕಷ್ಟೇ. ಈ ಸಲ ಬರದ್ರ ಫೇಲ್ ಆಗ್ತಾಳ. ಒಂದು ವರ್ಷ ಬಿಡು. ಮುಂದಿನ ವರ್ಷ ನಾನೇ ಕುಂದ್ರಿಸಿ ಬರಸ್ತೀನಿ. ಗಟ್ಟಿ ಆಗ್ತಾಳ."

ಅಪ್ಪ ಯೋಚಿಸಿದ. ನಿಜವಾಗಿಯೂ ಯೋಚಿಸಿದ, ನನಗೆ ಅವನ ಮುಖ ಕಾಣುತ್ತಿತ್ತು. ಓದಿನ ವಿಷಯದಲ್ಲಿ ಅಪ್ಪನಿಗೆ ಅರ್ಥವಾಗುವ ಹಾಗೆ ಯಾರೂ ಅಲ್ಲಿಯವರೆಗೆ ಮಾತಾಡಿರಲಿಲ್ಲ. ಮೊದಲ ಸಲ ಒಬ್ಬ ಮಾಸ್ತರರು ಅವನ ಭಾಷೆಯಲ್ಲಿ ಹೇಳಿದ್ದರು. ಬೀಳು ಬಿಟ್ಟ ಎರೆ ಹೊಲದ ಮೇಲೆ ಮಳೆ ಬಿದ್ದು ಮಣ್ಣು ಉಬ್ಬುವುದನ್ನು ಅವನು ಕಣ್ಣಾರೆ ಕಂಡವನು. ಸಾವಕಾರರ ಹೊಲಗಳಲ್ಲಿ ಯಾವ ತುಂಡನ್ನು ಯಾವಾಗ ಬಿಡಬೇಕು ಎಂದು ಹೇಳುತ್ತಿದ್ದವನೇ ಅವನು.

"ಆತ್ರಿ ಸರ್. ನೀವು ಹೇಳಿದ್ರಿ ಅಂದ್ರ ಖರೇನೇ ಇರ್ತದ," ಎಂದು ಕೈ ಮುಗಿದ.

ನನ್ನ ಕೈಯಿಂದ ಕೊಡ ಜಾರಿತು. ನೀರು ಆಫೀಸಿನೊಳಗೆ ಹರಿಯಿತು. ನಾನು ಒಳಗೆ ಹೋದೆ.

"ಸರ್, ನಾ ಬರೀತೀನ್ರಿ."

"ಬರದ್ರ ಫೇಲ್ ಆಗ್ತಿ ತಂಗಿ."

"ಫೇಲ್ ಆಗಾಕಾದ್ರೂ ಬಿಡ್ರಿ ಸರ್!"

ಸರ್ ನನ್ನ ಕಡೆ ನೋಡಿದರು. ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ. "ನೀ ಫೇಲ್ ಆದ್ರ ನೀ ಒಬ್ಬಾಕಿ ಅಲ್ಲವ್ವಾ ಫೇಲ್ ಆಗೋದು. ಸಾಲಿ ಫೇಲ್ ಆಗ್ತದ. ನಾ ಮತ್ತ ಅಲ್ಲಿ ನಿಂದ್ರಬೇಕು," ಎಂದರು. ಆಮೇಲೆ ಜವಾನನನ್ನು ಕರೆದು ನೀರು ಒರೆಸಲು ಹೇಳಿದರು. ಜವಾನ ಬಟ್ಟೆ ತಂದು ನನ್ನ ಕೈಗೆ ಕೊಟ್ಟ. ನಾನು ಬಗ್ಗಿ ಒರೆಸಿದೆ.

ಮನೆಯಲ್ಲಿ ಅವ್ವ ರೊಟ್ಟಿ ಬಡಿಯುತ್ತ ಕೇಳಿಸಿಕೊಂಡಳು. ಎಲ್ಲ ಕೇಳಿ, "ಹೊಲ ಬ್ಯಾರೆ, ಹುಡುಗಿ ಬ್ಯಾರೆ," ಎಂದಳು.

"ನಿನಗೇನು ತಿಳೀತದ? ಕಲಿತವರು ಹೇಳ್ಯಾರ," ಎಂದ ಅಪ್ಪ. ರೊಟ್ಟಿ ಬಡಿಯುವ ಸದ್ದು ಆಮೇಲೆ ಜೋರಾಯಿತು.

ಉಮೇಶನ ಅಪ್ಪನಿಗೂ ಇದೇ ಮಾತು. ತಹಮೀನಾಳ ಅವ್ವ ಶಹಜಾದಿ ಬೇಗಂಗೂ ಇದೇ ಮಾತು. ನಮ್ಮ ಕಡೆಯ ಕೂಲಿಯವರಿಗೆ ಬೀಳು ಎಂದರೆ ಮೋಸದ ಮಾತಲ್ಲ, ನಂಬಿಕೆಯ ಮಾತು. ಎಲ್ಲರೂ ಕೈ ಮುಗಿದು ಬಂದರು. ಪೇಟೆಯ ಜನರಿಗೆ ಹೀಗೆ ಹೇಳಿದ್ದರೆ ಅವರು ಸರ್ ಅವರನ್ನೇ ಬೀದಿಗೆ ಎಳೆಯುತ್ತಿದ್ದರು.

ಮಾರ್ಚಿನಲ್ಲಿ ಪರೀಕ್ಷೆ ಬಂತು. ಮಾರ್ಚ್ ಅಂದರೆ ನಮಗೆ ಮೆಣಸಿನಕಾಯಿ ಬಿಡಿಸುವ ಕಾಲ. ಮೊದಲ ಪರೀಕ್ಷೆಯ ದಿನ ನಾನು, ಉಮೇಶ, ತಹಮೀನಾ ಕಲ್ಲೂರು ಕಡೆಯ ಹೊಲಕ್ಕೆ ಹೊರಟ ಟಂಟಂ ಆಟೋದಲ್ಲಿದ್ದೆವು. ತಲೆಗೆ ಟವೆಲು, ಕೈಗೆ ಹಳೇ ಸಾಕ್ಸು. ಕ್ರಾಸಿನ ಹತ್ತಿರ ಇನ್ನೊಂದು ಟಂಟಂ ನಿಂತಿತ್ತು. ಅದರೊಳಗೆ ಮುಂದಿನ ಬೆಂಚಿನವರು. ತಲೆಗೆ ಎಣ್ಣೆ, ಹಣೆಗೆ ವಿಭೂತಿ, ಕುಂಕುಮ. ನಮ್ಮ ಓಣಿಯ ಅಂಬಿಕಾ ನನ್ನನ್ನು ನೋಡಿ ಕೈ ಎತ್ತಿದಳು, ಎತ್ತಿದ ಕೈಯನ್ನು ಹಾಗೇ ಇಳಿಸಿದಳು. ಅವಳ ತಪ್ಪೇನೂ ಇರಲಿಲ್ಲ. ಆದರೂ ನನಗೆ ಅವಳ ಮುಖ ನೋಡಲು ಆಗಲಿಲ್ಲ.

ಉಮೇಶ ಟಂಟಂನಿಂದ ತಲೆ ಹೊರಗೆ ಹಾಕಿ ಕೂಗಿದ: "ಏ, ಛಲೋ ಬರೀರಿ! ನಮ್ದೂ ಸೇರಿಸಿ ಬರೀರಿ!"

ಎಲ್ಲರೂ ನಕ್ಕರು. ಎರಡೂ ಟಂಟಂಗಳು ಬೇರೆ ಬೇರೆ ದಾರಿ ಹಿಡಿದವು. ಮಧ್ಯಾಹ್ನ ಹೊಲದಲ್ಲಿ ಬುತ್ತಿ ಬಿಚ್ಚಿದಾಗ ಉಮೇಶ ಕಣ್ಣು ಒರೆಸಿಕೊಂಡ. ಮೆಣಸಿನಕಾಯಿಯ ಕೈ ಕಣ್ಣಿಗೆ ತಾಗಿತು. ಆಮೇಲೆ ಅವನು ಅತ್ತದ್ದು ಖಾರಕ್ಕೋ ಪರೀಕ್ಷೆಗೋ ಎಂದು ಯಾರೂ ಕೇಳಲಿಲ್ಲ.

ಬೇಸಿಗೆಯಲ್ಲಿ ಫಲಿತಾಂಶ ಬಂತು. ನೂರಕ್ಕೆ ನೂರು. ಬಸವಲಿಂಗ ಸರ್ ಅವರಿಗೆ ರಾಯಚೂರಿನಲ್ಲಿ ಅದೇ ಮೀಟಿಂಗಿನಲ್ಲಿ ಶಾಲು ಹೊದಿಸಿದರು. ಅಗಸಿಗೆ ಫ್ಲೆಕ್ಸು ಬಂತು. ಮೇಲೆ ಸಾವಕಾರರ ದೊಡ್ಡ ಫೋಟೋ, ಪಕ್ಕದಲ್ಲಿ ಸರ್ ಫೋಟೋ, ಕೆಳಗೆ ಪಾಸಾದವರ ಸಣ್ಣ ಸಣ್ಣ ಮುಖಗಳು. ಉಮೇಶನ ಕಾಲರಿನ ಫೋಟೋ ಮನೆಯಲ್ಲೇ ಉಳಿಯಿತು. ಬೇರೆ ಊರಿನ ಶಾಲೆಯಲ್ಲಿ ಫೇಲಾದ ಹುಡುಗರು ಅದೇ ಬೇಸಿಗೆಯಲ್ಲಿ ಎರಡನೇ ಪರೀಕ್ಷೆ ಕಟ್ಟುತ್ತಿದ್ದಾರೆ ಎಂದು ಆಗ ಗೊತ್ತಾಯಿತು. ಫೇಲಾದವರಿಗೆ ಇನ್ನೊಂದು ಬಾಗಿಲು ಇತ್ತು. ನಾವು ಫೇಲೂ ಆಗಿರಲಿಲ್ಲ.

ಉಮೇಶ ಕಾಯಲಿಲ್ಲ. ಅವನ ಮನೆಯವರು ಬೆಂಗಳೂರಿಗೆ ಗುಳೆ ಹೊರಟರು, ಕಟ್ಟಡದ ಕೆಲಸಕ್ಕೆ. ಬಸ್ಸಿನ ಕಿಟಕಿಯಿಂದ, "ಸಾಲಿ ಚಾಲೂ ಆದಾಗ ಹೇಳು, ಬರ್ತೀನಿ," ಎಂದ. ತಹಮೀನಾಳಿಗೆ ಮಾನ್ವಿಯಲ್ಲಿ ನಿಕಾ ಆಯಿತು. ಸುಮ್ಮನೆ ಮನೆಯಲ್ಲಿರುವ ಹುಡುಗಿಯನ್ನು ಎಷ್ಟು ದಿನ ಇಟ್ಟುಕೊಳ್ಳುವುದು ಎಂದು ಶಹಜಾದಿ ಬೇಗಂ ಅವ್ವನ ಹತ್ತಿರ ಹೇಳಿದಳಂತೆ. ಮಗಳನ್ನು ಕಳಿಸಿದ ಮೇಲೆ ಆಕೆ ನಮ್ಮ ಕಟ್ಟೆಗೆ ಬಂದು ಕೂತು ಅತ್ತಳು.

ಶಾಲೆ ಶುರುವಾಗುವ ದಿನವೇ ಸನ್ಮಾನದ ಕಾರ್ಯಕ್ರಮ ಇಟ್ಟರು. ಬಾಗಿಲಿಗೆ ಮಾವಿನ ತೋರಣ, ಅಂಗಳಕ್ಕೆ ಪೆಂಡಾಲು. ದೇವದುರ್ಗದಿಂದ ಇಲಾಖೆಯ ಸಾಹೇಬರು ಬರುವವರಿದ್ದರು. ಅವ್ವ ನಸುಕಿನಲ್ಲೇ ಹೋಗಿ ಗೋಧಿ ಹುಗ್ಗಿಗೆ ಒಲೆ ಹಚ್ಚಿದ್ದಳು. ಅಪ್ಪ ಕಟ್ಟಿಗೆ ಹೊತ್ತು ಹಾಕುತ್ತಿದ್ದ. ನಾನು ಹಳೆಯ ಯೂನಿಫಾರ್ಮು ಒಗೆದು, ಎರಡು ಜಡೆ ಹಾಕಿ, ರಿಬ್ಬನ್ ಕಟ್ಟಿಕೊಂಡು ಹೋದೆ. ಹತ್ತನೇ ತರಗತಿಯ ಕೋಣೆಗೆ ಹೋಗಿ ಕೂತೆ. ನೋಡೋಣು ಬೆಂಚಿನಲ್ಲಿ, ಒಬ್ಬಳೇ.

ಬಸವಲಿಂಗ ಸರ್ ಹೂವಿನ ಹಾರಗಳ ಬುಟ್ಟಿ ಹುಡುಕುತ್ತ ಬಂದವರು ನನ್ನನ್ನು ನೋಡಿ ನಿಂತರು.

"ನೀ ಯಾಕ ಇಲ್ಲಿ?"

"ನೀವೇ ಹೇಳಿದ್ರಲ್ರಿ ಸರ್. ಮುಂದಿನ ವರ್ಷ ಕುಂದ್ರಿಸ್ತೀನಿ ಅಂತ."

ಸರ್ ಗೋಡೆಯ ಕಡೆ ನೋಡಿದರು. "ಹಂಗ ಆಗಂಗಿಲ್ಲವ್ವಾ. ಹೆಸರು ತಗದಾಗೇದ. ನೀ ಪ್ರೈವೇಟ್ ಕಟ್ಟಿಬಿಡು. ಮನ್ಯಾಗ ಓದು."

"ಮನ್ಯಾಗ ಯಾರು ಹೇಳಿಕೊಡ್ತಾರ್ರಿ?"

"ನೀ ಇಲ್ಲಿ ಕುಂತ್ರ ಮತ್ತ ಸಾಲಿ ಲೆಕ್ಕಕ್ಕ ಬರ್ತಿ. ತಿಳ್ಕೋ ತಂಗಿ. ಈಗ ಏಳು, ಸಾಹೇಬರು ಬರೂ ಹೊತ್ತಾತು."

ನಾನು ಅಡುಗೆ ಕೋಣೆಯ ಹಿಂದೆ ಹೋಗಿ ಅಪ್ಪ ಅವ್ವನಿಗೆ ಹೇಳಿದೆ. ಅವ್ವ ಹುಟ್ಟು ತಿರುವುವುದನ್ನು ನಿಲ್ಲಿಸಿದಳು. ಅಪ್ಪ ಕಟ್ಟಿಗೆಯ ಹೊರೆ ಇಳಿಸಿ ಅದರ ಮೇಲೆಯೇ ಕೂತ. ಆಮೇಲೆ, "ಬಿತ್ತಾಕ ಹೋದ್ರ ಹೊಲಾನೇ ನಿಂದಲ್ಲ ಅಂತಾರಲ್ಲಬೇ," ಎಂದ. ಅಪ್ಪನ ದನಿ ಅಷ್ಟು ಸಣ್ಣಗಾದದ್ದನ್ನು ನಾನು ಕೇಳಿರಲಿಲ್ಲ. ನನ್ನ ಮುಖ ನೋಡಲು ಅವನಿಗೆ ಆಗಲಿಲ್ಲ.

ಕಾರ್ಯಕ್ರಮ ಶುರುವಾಯಿತು. ದೀಪ, ಭಾಷಣ, ಚಪ್ಪಾಳೆ. ಸಾವಕಾರರು ಶಿಕ್ಷಣದ ಮಹತ್ವ ಹೇಳಿದರು. ಪಾಸಾದವರಿಗೆ ಹಾರ ಹಾಕಿದರು. ಕೊನೆಗೆ ಬಸವಲಿಂಗ ಸರ್ ಮೈಕು ಹಿಡಿದು, ಶಾಲೆಯ ಜೊತೆ ಸಹಕರಿಸಿದ ಬಡ ಪಾಲಕರನ್ನೂ ನಾವು ಮರೆತಿಲ್ಲ ಎಂದು ಹೇಳಿ, ಅಪ್ಪನ ಹೆಸರು ಕೂಗಿದರು. ಅಪ್ಪನನ್ನು ಸಮಾಧಾನ ಮಾಡಬೇಕೆಂದು ಮೊದಲೇ ಹೀಗೆ ಇಟ್ಟುಕೊಂಡಿದ್ದರೋ ಏನೋ. ತಟ್ಟೆಯಲ್ಲಿ ಒಂದು ಟವೆಲು, ಒಂದು ತೆಂಗಿನಕಾಯಿ ಸಿದ್ಧವಾಗಿತ್ತು.

ಅಪ್ಪ ಹೋದ. ಮೈಗೆಲ್ಲ ಕಟ್ಟಿಗೆಯ ಹೊಟ್ಟು ಮೆತ್ತಿತ್ತು. ಸಾವಕಾರರು ಟವೆಲು ಹೊದಿಸಲು ಕೈ ಎತ್ತಿದರು. ಅಪ್ಪ ಒಂದು ಹೆಜ್ಜೆ ಹಿಂದೆ ಸರಿದ. ಸಾವಕಾರರ ಕೈ ಗಾಳಿಯಲ್ಲೇ ಉಳಿಯಿತು.

"ಬ್ಯಾಡ್ರಿ," ಎಂದ ಅಪ್ಪ. ಮೈಕು ಹತ್ತಿರವೇ ಇದ್ದದ್ದರಿಂದ ಪೆಂಡಾಲಿನ ತುಂಬ ಕೇಳಿಸಿತು.

"ತಗೋ ಪಕೀರಪ್ಪ, ಮರ್ಯಾದಿ ಮಾಡಾಕತ್ತೀವಿ," ಎಂದರು ಸರ್.

"ಮರ್ಯಾದಿ ಆಮ್ಯಾಲೆ ಮಾಡ್ರಿ. ನನ್ನ ಮಗಳು ಎಲ್ಲಿ ಕುಂದ್ರಬೇಕು, ಮೊದ್ಲು ಅದನ್ನ ಹೇಳ್ರಿ."

"ಕೆಳಗ ಇಳಿ, ಆಮ್ಯಾಲೆ ಮಾತಾಡೋಣು."

"ಇಳಿಯಂಗಿಲ್ರಿ. ನಾ ಇಳದ್ರ ನೀವು ಮಾತಾಡಂಗಿಲ್ಲ. ಬೀಳು ಬಿಡು ಅಂದ್ರಿ, ಬಿಟ್ನಿ. ಈಗ ಬೀಜ ಹಿಡ್ಕೊಂಡು ಬಂದ್ರ ಹೆಸರೇ ಇಲ್ಲ ಅಂತೀರಿ. ಬೀಳು ಬಿಟ್ಟ ಹೊಲ ಬ್ಯಾರೇದವರು ನುಂಗಿದ್ರ ಕೋರ್ಟಿಗಿ ಹೋಗ್ತಾರ್ರಿ. ಇದು ನನ್ನ ಮಗಳು. ನಾ ಎಲ್ಲಿಗಿ ಹೋಗ್ಲಿ?"

ಸಾವಕಾರರು, "ಲೇ ಪಕೀರ್ಯಾ, ಯಾರ ಮುಂದ ನಿಂತೀದಿ, ಎಚ್ಚರ ಅದ ಏನು?" ಎಂದರು.

"ಅದ್ರೀ ಸಾವಕಾರ್ರ. ಅದಕ್ಕೇ ಇಷ್ಟು ದಿನ ಬಾಯಿ ಮುಚ್ಕೊಂಡಿದ್ನಿ."

ಅವ್ವ ಕೈಯಲ್ಲಿದ್ದ ಹುಟ್ಟಿನೊಂದಿಗೇ ಬಂದು ಅಪ್ಪನ ಪಕ್ಕ ನಿಂತಳು. ನಾನು ಅಲ್ಲಿ ನಿಲ್ಲಲಿಲ್ಲ. ಕೋಣೆಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂತು ಬೆಂಚಿನ ಹಲಗೆಯನ್ನು ಎರಡೂ ಕೈಯಿಂದ ಹಿಡಿದುಕೊಂಡೆ. ಜವಾನ ಬಂದು ಏಳು ಎಂದ. ಏಳಲಿಲ್ಲ. ಕನ್ನಡದ ವಿಶಾಖಾ ಟೀಚರ್ ಬಂದು ಏಳವ್ವಾ ಎಂದರು. ಅವರ ಕಣ್ಣು ಒದ್ದೆಯಾಗಿತ್ತು, ಆದರೂ ಏಳು ಎಂದೇ ಹೇಳಿದರು. ಏಳಲಿಲ್ಲ. ಜವಾನ ರಟ್ಟೆ ಹಿಡಿದು ಎಳೆದ. ಬೆಂಚು ನನ್ನ ಜೊತೆ ಕಿರುಗುಟ್ಟುತ್ತ ಜರುಗಿತು, ನನ್ನ ಕೈ ಬಿಡಲಿಲ್ಲ. ಹೆಬ್ಬೆರಳಿನ ಹಳೆಯ ಸೀಳು ಬಿರಿದು ಹಲಗೆಗೆ ರಕ್ತವಾಯಿತು. ಸದ್ದು ಕೇಳಿ ಇಲಾಖೆಯ ಸಾಹೇಬರೇ ಬಾಗಿಲಿಗೆ ಬಂದರು. ಅವರ ಹಿಂದೆ ಊರ ಜನ, ಮೊಬೈಲುಗಳು. ಸಾಹೇಬರು ಮೊಬೈಲುಗಳನ್ನು ನೋಡಿದರು, ರಕ್ತ ನೋಡಿದರು. "ಏನ್ರೀ ಇದು? ಹುಡುಗಿನ್ನ ಮರುದಾಖಲಾತಿ ಮಾಡ್ಕೊಳ್ರಿ," ಎಂದು ಹೇಳಿ ಊಟ ಮಾಡದೆ ಜೀಪು ಹತ್ತಿದರು. ಅವರು ನನಗೆ ಹೆದರಲಿಲ್ಲ, ಮೊಬೈಲಿಗೆ ಹೆದರಿದರು ಎಂದು ನನಗೆ ಗೊತ್ತು.

ಅಂತೂ ನಾನು ಕೂತೆ. ಅದಕ್ಕೆ ಕೊಡಬೇಕಾದ್ದನ್ನೂ ಕೊಟ್ಟೆವು. ಅವ್ವನನ್ನು ಅಡುಗೆಯಿಂದ ತೆಗೆದರು. ಸಾವಕಾರರು ಅಪ್ಪನನ್ನು ಕೆಲಸಕ್ಕೆ ಕರೆಯುವುದನ್ನು ಬಿಟ್ಟರು, ಅವರ ಮಾತು ಮೀರಿ ಕರೆಯುವವರೂ ಊರಲ್ಲಿ ಇರಲಿಲ್ಲ. ಇಬ್ಬರೂ ದೂರದ ಊರುಗಳಿಗೆ ಟಂಟಂ ಹತ್ತಿದರು. ಮನೆಯ ನೀರು, ರೊಟ್ಟಿ, ತಮ್ಮ ಅಂಬರೇಶ, ಎಲ್ಲ ನನ್ನ ಮೇಲೆ ಬಂತು. ರಜೆಯ ದಿನ ನಾನೂ ಹತ್ತಿ ಬಿಡಿಸಲು ಹೋದೆ. ಬಸವಲಿಂಗ ಸರ್ ನನ್ನ ಬೆಂಚಿನ ಪಕ್ಕದಲ್ಲಿ ಓಡಾಡುತ್ತಿದ್ದರು, ನನ್ನ ಲೆಕ್ಕದ ಪುಸ್ತಕ ಮಾತ್ರ ನೋಡುತ್ತಿರಲಿಲ್ಲ. ಕೈ ಎತ್ತಿದರೆ ಕಾಣದವರ ಹಾಗೆ ಮುಂದೆ ಹೋಗುತ್ತಿದ್ದರು. ಉಮೇಶನಿಗೆ ಫೋನು ಮಾಡಿ ಬಾ ಎಂದೆ. ಸಾಮಾನು ಹೊರುವಾಗ ಅವನಪ್ಪನ ಸೊಂಟ ಉಳುಕಿತ್ತು, ಅಪ್ಪನ ಜಾಗದಲ್ಲಿ ಅವನು ನಿಂತಿದ್ದ. ಬರಲಿಲ್ಲ.

ಮಾರ್ಚಿನಲ್ಲಿ ನಾನು ಪರೀಕ್ಷೆ ಬರೆದೆ. ಹಾಲ್ ಟಿಕೆಟಿನಲ್ಲಿ ನನ್ನ ಫೋಟೋ ಇತ್ತು. ನನ್ನ ನಂಬರು ಹಾಕಿದ ಬೆಂಚಿನಲ್ಲಿ ನಾನು ಕೂತೆ, ಯಾರೂ ಏಳು ಎನ್ನಲಿಲ್ಲ. ಇಷ್ಟಕ್ಕೇ ನನಗೆ ಮೊದಲ ದಿನ ಅಳು ಬಂತು.

ಫಲಿತಾಂಶ ಬಂದಾಗ ಗಣಿತದಲ್ಲಿ ಫೇಲಾಗಿದ್ದೆ. ಉಳಿದದ್ದೆಲ್ಲ ಪಾಸು. ಆ ವರ್ಷ ಶಾಲೆಗೆ ನೂರಕ್ಕೆ ನೂರು ಬರಲಿಲ್ಲ, ಅಗಸಿಗೆ ಫ್ಲೆಕ್ಸು ಏರಲಿಲ್ಲ. ನೀರಿನ ಹತ್ತಿರ ಹೆಂಗಸರು ನನ್ನ ಕಡೆ ನೋಡಿ, ಈಕೀನೇ ನೋಡು ಸಾಲಿ ಮರ್ಯಾದಿ ತಗದಾಕಿ ಎಂದರು. ಅಪ್ಪ ಸಂಜೆ ಕೂಲಿಯಿಂದ ಬಂದವನು ಸುದ್ದಿ ಕೇಳಿದ. ಹಾಗೇ ಹೊರಗೆ ಹೋಗಿ ಮಂಡಾಳು, ಮಿರ್ಚಿ ಕಟ್ಟಿಸಿಕೊಂಡು ಬಂದ. ನನ್ನ ಮುಂದೆ ಇಟ್ಟು, "ತಿನ್ನು. ಬರದೀದಿ," ಎಂದ. ಮೂವರೂ ತಿಂದೆವು. ಅಂಬರೇಶನಿಗೆ ಏನು ಹಬ್ಬ ಎಂದು ತಿಳಿಯಲಿಲ್ಲ, ಅವನೂ ತಿಂದ.

ಅದೇ ಹೊತ್ತಿಗೆ ಅಪ್ಪನ ಫೋನಿಗೆ ಉಮೇಶನ ಫೋನು ಬಂತು. ಹಿಂದೆ ಕಾಂಕ್ರೀಟಿನ ಯಂತ್ರ ತಿರುಗುವ ಸದ್ದು ಕೇಳುತ್ತಿತ್ತು.

"ಏ ಸವಿತಾ, ಏನಾತು?"

"ಗಣಿತದಾಗ ಹೋತು."

"ಉಳಿದದ್ದು?"

"ಎಲ್ಲಾ ಪಾಸು. ಗಣಿತ ಮತ್ತ ಕಟ್ತೀನಿ. ಎರಡನೇ ಪರೀಕ್ಷಾ ಅದ."

"ಛಲೋ ಆತು ಬಿಡು," ಎಂದ. ದನಿಯಲ್ಲಿ ಕುಹಕ ಇರಲಿಲ್ಲ. ನಿಜವಾಗಿಯೂ ಛಲೋ ಆಯಿತು ಎಂದೇ ಹೇಳುತ್ತಿದ್ದ.

"ನೀನೂ ಬಾರೋ ಉಮೇಶ. ಪ್ರೈವೇಟ್ ಕಟ್ಟು."

"ಇನ್ನ ಯಾಕ ಬಿಡು," ಎಂದ. ಯಾರೋ ಅವನ ಹೆಸರು ಹಿಡಿದು ಕೂಗಿದರು. ಬಂದೆ ಬಂದೆ ಎಂದು ಅವರಿಗೆ ಹೇಳಿ, ಮತ್ತೆ ನನ್ನ ಹತ್ತಿರ ಮಾತಾಡಿದ.

"ಇಲ್ಲಿ ಮೇಸ್ತ್ರಿ ಕೇಳ್ತಿರ್ತಾನ, ಎಷ್ಟು ಓದೀದಿ ಅಂತ."

"ನೀ ಏನಂತಿ?"

"ಎಸ್ಸೆಸ್ಸೆಲ್ಸಿ ಫೇಲ್ ಅಂತ ಸುಳ್ಳು ಹೇಳ್ತೀನಿ."